ಭಾವಮೈದನ ಹದಿಮೂರನೇ ಪದ

ಬಿಟ್‌ಕಾಯಿನ್‌ನಂಥ ಡಿಜಿಟಲ್ ದುಡ್ಡಿಡುವ ಕ್ರಿಪ್ಟೊ ವ್ಯಾಲೆಟ್‌ನ ಬೀಗದ ಕೈ ಕಳೆದರೆ ಬ್ಯಾಂಕಿನ ಹಾಗೆ ಮ್ಯಾನೇಜರ್ ಮುಂದೆ ಅರ್ಜಿ ಹಿಡಿದು ನಿಲ್ಲುವ ಹಾಗಿಲ್ಲ. ಇರುವುದು ಬರೀ 12 ಅಥವಾ 24 ಇಂಗ್ಲಿಷ್ ಪದ. ಸೀಡ್ ಫ್ರೇಸ್ ಅಂತಾರೆ. 2048 ಪದಗಳ ಪಟ್ಟಿಯಿಂದ ಕಂಪ್ಯೂಟರೇ ಆರಿಸಿಕೊಡುತ್ತದೆ.

"ವೆಬ್‌ಸೈಟ್ ನಂಬಬಾರದು ಭಾವ, ಕಮಾಂಡ್ ಲೈನಲ್ಲೇ ಮಾಡ್ಬೇಕು" ಎಂದ ನನ್ನ ಭಾವಮೈದ. ಅಂದರೆ ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿ ಪದ ಪಡೆಯುವುದು. ನೆಟ್ ಇರಬಾರದಂತೆ. ತನ್ನ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿದ್ದರೆ ಸಾಕಿತ್ತು. ಇವನು ಮನೆಯ ರೌಟರನ್ನೇ ಕಿತ್ತ. ಟೀವಿಯಲ್ಲಿ ಸೊಸೆಯ ಗುಟ್ಟು ಬಯಲಾಗುವ ಹೊತ್ತು. ಅತ್ತೆ ಮಗನಿಗೆ ಏನೂ ಅನ್ನಲಿಲ್ಲ. ನನ್ನನ್ನು ನೋಡಿದರು.

ಕಮಾಂಡ್ ಲೈನ್ ಆದ ಮಾತ್ರಕ್ಕೆ ಭದ್ರ ಅಂತೇನಿಲ್ಲ. ಲಿಬ್‌ಬಿಟ್‌ಕಾಯಿನ್‌ನವರ 'ಬಿಎಕ್ಸ್' ಟೂಲ್‌ನ 3ನೇ ಆವೃತ್ತಿ ಗಡಿಯಾರ ನೋಡಿಕೊಂಡು ಪದ ಆರಿಸುತ್ತಿದ್ದದ್ದು 2023ರಲ್ಲಿ ಬಯಲಾಯಿತು. ಸಾಧ್ಯತೆಗಳು ಸುಮಾರು 430 ಕೋಟಿ ಅಷ್ಟೇ. ಕಳ್ಳರ ಕಂಪ್ಯೂಟರಿಗೆ ಅದು ಬೆಳಗಿನ ತಿಂಡಿ. ಗಡಿಯಾರ ಸೊನ್ನೆಯಲ್ಲಿಟ್ಟರೆ ಬರುವ ಮೊದಲೆರಡು ಪದ 'ಮಿಲ್ಕ್ ಸ್ಯಾಡ್'. ದೋಷಕ್ಕೂ ಅದೇ ಹೆಸರು ಬಿತ್ತು. ಹೇಳಿದೆ. "ನಂದು ಬೇರೆ ಟೂಲು" ಎಂದ.

ಅವನು ಓದಿದ, ನಾನು ಬರೆದುಕೊಂಡೆ. ವ್ಯಾಲೆಟ್‌ಗೆ ಸ್ವಲ್ಪ ದುಡ್ಡೂ ಬಿತ್ತು. ಆಮೇಲೊಂದು ಭಾನುವಾರ ಎಲ್ಲ ಅಳಿಸಿ, ಪದಗಳಿಂದಲೇ ವ್ಯಾಲೆಟ್ ಮತ್ತೆ ಎಬ್ಬಿಸಿದ. ಬ್ಯಾಲೆನ್ಸ್ ಸೊನ್ನೆ!

ಆರೋಪ ನೇರ ನನ್ನ ಅಕ್ಷರದ ಮೇಲೆ. ಆದರೆ ಪಟ್ಟಿ ಮಾಡಿದವರು ನನ್ನಂಥವರ ಕೈಬರಹ ಕಂಡವರೇ ಇರಬೇಕು. ಮೊದಲ ನಾಲ್ಕು ಅಕ್ಷರ ಓದಲು ಬಂದರೆ ಸಾಕು, ಪದ ಗೊತ್ತಾಗುತ್ತದೆ. ಅದೂ ಅಲ್ಲದೆ, 12 ಪದದ ಕೊನೆಯಲ್ಲಿ ನಾಲ್ಕು ಬಿಟ್‌ನಷ್ಟು ತಾಳೆ ಲೆಕ್ಕ ಅಡಗಿರುತ್ತದೆ. ಪದ ತಪ್ಪಿದರೆ ಹದಿನಾರರಲ್ಲಿ ಹದಿನೈದು ಸಲ ಟೂಲೇ ಕಿರುಚುತ್ತದೆ. ಇಲ್ಲಿ ಕಿರುಚಿಲ್ಲ.

"ಇನ್ನೇನಾದ್ರೂ ಹಾಕಿದ್ಯಾ?"

"ಸೇಫ್ಟಿಗೆ ಅಂತ ಒಂದು ಪಾಸ್‌ಫ್ರೇಸ್..."

ಬಂತು ನೋಡಿ ಗ್ರಹಚಾರ. 12 ಪದದ ಜೊತೆಗೆ ನಾವೇ ಸೇರಿಸುವ ಈ ಹದಿಮೂರನೇ ಪದಕ್ಕೆ ತಾಳೆ ಲೆಕ್ಕವೇ ಇಲ್ಲ. ಏನು ಒತ್ತಿದರೂ ವ್ಯಾಲೆಟ್ ತೆರೆಯುತ್ತದೆ. ದೊಡ್ಡಕ್ಷರ ಚಿಕ್ಕದಾದರೆ ಇನ್ನೊಂದು ವ್ಯಾಲೆಟ್, ಸ್ಪೇಸ್ ಜಾಸ್ತಿಯಾದರೆ ಮತ್ತೊಂದು. ತಪ್ಪು ಅಂತ ಯಾವುದೂ ಹೇಳುವುದಿಲ್ಲ. ಸುಮ್ನೆ ಖಾಲಿ ಇರುತ್ತವೆ.

"ಏನು ಹಾಕಿದ್ದೆ?"

"ಅಮ್ಮನ ಹೆಸರು."

ವಿಶಾಲಾಕ್ಷಿ. ಇಂಗ್ಲಿಷಿನಲ್ಲಿ ಎಸ್ ಆದ ಮೇಲೆ ಎಚ್ ಇದೆಯೋ ಇಲ್ಲವೋ? 'ಎ' ಒಂದೋ ಎರಡೋ? ಕ್ಷಿಗೆ ಕೆ, ಎಸ್, ಎಚ್ಚೋ, ಬರೀ ಎಕ್ಸೋ? ಆಧಾರ್‌ನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ, ಪಾಸ್‌ಬುಕ್ಕಿನಲ್ಲಿ ಇವೆರಡೂ ಅಲ್ಲದ ಥರ. ಎಲ್ಲವನ್ನೂ ಒತ್ತಿದ. ಎಲ್ಲವೂ ತೆರೆದವು, ಎಲ್ಲವೂ ಖಾಲಿ.

ಅಡುಗೆಮನೆಯಿಂದ ಅತ್ತೆ ಕೂಗಿದರು: "ವಿಶಾಲಾಕ್ಷಿ ಅಂತ ಮದುವೇಲಿ ಇಟ್ಟಿದ್ದು ಕಣೋ. ಅಪ್ಪನ ಮನೇಲಿ ನಾನು ಪದ್ಮಾವತಿ. ಅದನ್ನೂ ಒತ್ತಿ ನೋಡು."