ಅಪ್ಪನ ಎ.ಎಂ.ಐ.ಇ. ಮತ್ತು ಪಾವಗಡದ ಹುಡುಗನ ಪ್ರಶ್ನೆ

ನನ್ನ ಮದುವೆ ಪತ್ರಿಕೆಯ ಮೊದಲ ಪ್ರೂಫ್‌ನಲ್ಲಿ ಅಪ್ಪನ ಹೆಸರಿನ ಮುಂದೆ "ಎ.ಎಂ.ಐ.ಇ." ಅಂತ ಹಾಕುವುದನ್ನು ಪ್ರೆಸ್‌ನವರು ಬಿಟ್ಟಿದ್ದರು. ಅಪ್ಪ ಯಾವುದಕ್ಕೂ ಹಟ ಮಾಡುವವರಲ್ಲ. ಅವತ್ತು ಮಾತ್ರ ಬಿಸಿಲಲ್ಲಿ ತಾವೇ ಪ್ರೆಸ್‌ಗೆ ಹೋಗಿ, ಅದು ಸೇರುವ ತನಕ ಅಲ್ಲೇ ಕೂತಿದ್ದು ಬಂದರು.

ಆ ನಾಲ್ಕು ಅಕ್ಷರಕ್ಕೆ ಅವರು ಒಂಬತ್ತು ವರ್ಷ ಕೊಟ್ಟಿದ್ದರು. ಡಿಪ್ಲೊಮಾ ಮುಗಿಸಿ ತಿಪಟೂರು ಕಡೆಯ ಸಬ್‌ಸ್ಟೇಷನ್ ಒಂದರಲ್ಲಿ ಕೆಲಸಕ್ಕೆ ಸೇರಿದವರು. ಮನೆಯಲ್ಲಿ ಮೂವರು ತಂಗಿಯರ ಮದುವೆ ಬಾಕಿ ಇತ್ತು. ಕೆಲಸ ಬಿಟ್ಟು ಬಿ.ಇ. ಓದುವ ಮಾತೇ ಇರಲಿಲ್ಲ. ನೈಟ್ ಶಿಫ್ಟ್‌ನಲ್ಲಿ ಗಂಟೆಗೊಮ್ಮೆ ರೀಡಿಂಗ್ ಬರೆಯಬೇಕು: ವೋಲ್ಟೇಜ್ ಎಷ್ಟು, ಯಾವ ಫೀಡರ್‌ನಲ್ಲಿ ಎಷ್ಟು ಲೋಡ್, ಟ್ರಾನ್ಸ್‌ಫಾರ್ಮರ್ ಎಣ್ಣೆ ಎಷ್ಟು ಕಾದಿದೆ. ಎರಡು ರೀಡಿಂಗ್ ನಡುವೆ ಸಿಗುತ್ತಿದ್ದ ಐವತ್ತು ನಿಮಿಷವೇ ಅವರ ಕಾಲೇಜು. ಆ ಪುಸ್ತಕಗಳು ಇನ್ನೂ ಅಟ್ಟದ ಮೇಲಿವೆ. ಇಂಗ್ಲಿಷ್ ಪುಟಗಳ ಅಂಚಿನ ತುಂಬ ಪೆನ್ಸಿಲ್‌ನಲ್ಲಿ ಕನ್ನಡ ಅರ್ಥ ಬರೆದಿದ್ದಾರೆ.

ಈಗಿನವರಿಗೆ ಎ.ಎಂ.ಐ.ಇ. ಅಂದರೆ ಗೊತ್ತಿರಲಿಕ್ಕಿಲ್ಲ. ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ (ಇಂಡಿಯಾ) 1920ರಲ್ಲಿ ಹುಟ್ಟಿದ ಸಂಸ್ಥೆ. ಇಂಜಿನಿಯರ್‌ಗಳೇ ಸೇರಿ ಕಟ್ಟಿಕೊಂಡದ್ದು. ಅದು ನಡೆಸುತ್ತಿದ್ದ ಪರೀಕ್ಷೆ ಇದು. ಸೆಕ್ಷನ್ ಎ, ಸೆಕ್ಷನ್ ಬಿ ಅಂತ ಎರಡು ಹಂತ, ವರ್ಷಕ್ಕೆ ಎರಡು ಸಲ ಪರೀಕ್ಷೆ. ದಿನಾ ಕಾಲೇಜಿಗೆ ಹೋಗಬೇಕಿಲ್ಲ, ಹಾಜರಾತಿ ಇಲ್ಲ, ಡೊನೇಷನ್ ಇಲ್ಲ. ಪಾಸಾದರೆ ಸರ್ಕಾರಿ ಕೆಲಸಕ್ಕೆ, ಬಡ್ತಿಗೆ ಬಿ.ಇ.ಗೆ ಸಮ. ಆದರೆ ಸುಲಭ ಅಲ್ಲ. ಸೆಕ್ಷನ್ ಬಿಯಲ್ಲೇ ನಿಂತುಹೋದವರು ನಮ್ಮ ಕ್ವಾರ್ಟರ್ಸ್‌ನಲ್ಲೇ ನಾಲ್ಕು ಜನ ಇದ್ದರು.

ಈಗ ಯಾವ ವೃತ್ತಿ ಸಂಘದ ಸಭೆಗೆ ಹೋದರೂ "ಡೈವರ್ಸಿಟಿ" ಅನ್ನುವ ಮಾತು ಕೇಳುತ್ತೇನೆ. ನನ್ನ ಮಟ್ಟಿಗೆ ಆ ಮಾತಿಗೆ ಅರ್ಥ ಕೊಟ್ಟದ್ದು ಈ ಪರೀಕ್ಷೆ. ಶಿಫ್ಟ್ ಕೆಲಸದವರು, ಹಳ್ಳಿಯವರು, ಹದಿನೆಂಟಕ್ಕೇ ಸಂಬಳ ತರಬೇಕಾದವರು, ಇವರಿಗೆಲ್ಲ ಅದು ಬಾಗಿಲು ತೆರೆದಿತ್ತು. ಯಾರ ಮಗ, ಯಾವ ಜಾತಿ, ಯಾವ ಕಾಲೇಜು ಅಂತ ಕೇಳಲಿಲ್ಲ.

2013ರಲ್ಲಿ ಆ ಬಾಗಿಲು ಮುಚ್ಚಿತು. ಆ ವರ್ಷ ಮೇ 31ರ ತನಕ ನೋಂದಾಯಿಸಿದವರಿಗೆ ಮಾತ್ರ ಡಿಗ್ರಿಗೆ ಸಮ ಅನ್ನುವ ಮಾನ್ಯತೆ ಅಂತ ಸರ್ಕಾರ ಹೇಳಿತು. ಲ್ಯಾಬ್ ಇಲ್ಲದೆ, ಮೇಷ್ಟ್ರಿಲ್ಲದೆ ಇಂಜಿನಿಯರ್ ಆಗುವುದು ಹೇಗೆ ಅನ್ನುವ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಜಿಲ್ಲೆ ಜಿಲ್ಲೆಯಲ್ಲೂ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಭಾನುವಾರ ಅವುಗಳ ಲ್ಯಾಬ್‌ಗೆ ಬೀಗ ಹಾಕಿರುತ್ತದೆ. ಆ ಬೀಗ ತೆಗೆಸಿ ಕೊರತೆ ತುಂಬಬಹುದಿತ್ತು, ಅಲ್ವಾ? ಡಿಪ್ಲೊಮಾದವರಿಗೆ ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಲು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಇದೆ, ಕೆಲವು ಊರಲ್ಲಿ ಸಂಜೆ ತರಗತಿಯೂ ಇದೆ. ಆದರೆ ಅದು ಕಾಲೇಜು ಹತ್ತಿರ ಇರುವವರಿಗೆ, ಸಂಜೆ ಬಿಡುವಿರುವವರಿಗೆ.

ಇಲ್ಲಿ ಎ. ಲಲಿತಾ ಅವರ ಕಥೆ ಹೇಳಲೇಬೇಕು. ಅವರಿಗೆ ಹದಿನೆಂಟು ತುಂಬಿದಾಗ ಗಂಡ ತೀರಿಕೊಂಡರು, ಕೈಯಲ್ಲಿ ನಾಲ್ಕು ತಿಂಗಳ ಹೆಣ್ಣುಮಗು. ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿ 1943ರಲ್ಲಿ ಡಿಗ್ರಿ ಪಡೆದರು. ನಮ್ಮ ದೇಶದ ಮೊದಲ ಮಹಿಳಾ ಇಂಜಿನಿಯರ್‌ಗಳಲ್ಲಿ ಅವರೊಬ್ಬರು. ಆಮೇಲೆ ಕಲ್ಕತ್ತಾದಲ್ಲಿ ಕೂತು ಟ್ರಾನ್ಸ್‌ಮಿಷನ್ ಲೈನ್, ಸಬ್‌ಸ್ಟೇಷನ್‌ಗಳ ವಿನ್ಯಾಸ ಮಾಡಿದರು. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಮಹಿಳಾ ಇಂಜಿನಿಯರ್‌ಗಳ, ವಿಜ್ಞಾನಿಗಳ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಹೋದರು. ಮರುವರ್ಷ ಲಂಡನ್ನಿನ ವಿಮೆನ್ಸ್ ಇಂಜಿನಿಯರಿಂಗ್ ಸೊಸೈಟಿಯ ಪೂರ್ಣ ಸದಸ್ಯೆಯಾದರು.

ಆ ಸೊಸೈಟಿ ಹುಟ್ಟಿದ್ದು 1919ರಲ್ಲಿ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಾರ್ಖಾನೆ ನಡೆಸಿದ್ದು ಹೆಂಗಸರು. ಯುದ್ಧ ಮುಗಿದದ್ದೇ ತಡ, ಗಂಡಸರಿಗೆ ಜಾಗ ಬಿಡಿ ಅಂದರು. ಏಳು ಜನ ಹೆಂಗಸರು ಒಪ್ಪಲಿಲ್ಲ. ಸುಮ್ನೆ ಮನೆಗೆ ಹೋಗುವ ಬದಲು ಸಂಘ ಕಟ್ಟಿದರು. ಸುತ್ತಮುತ್ತ ತನ್ನಂಥ ಇನ್ನೊಬ್ಬಳು ಸಿಗದ ಕಾಲದಲ್ಲಿ ಅದೇ ಸಂಘ ಲಲಿತಾ ಅವರಿಗೂ ಜೊತೆಯವರನ್ನು ಕೊಟ್ಟಿತು.

ಇದನ್ನೆಲ್ಲ ಓದುವಾಗ ನನಗೆ ಹೊಟ್ಟೆಕಿಚ್ಚಾಯಿತು. ಮಗ ಹುಟ್ಟಿದ ಮೇಲೆ ಎರಡೂವರೆ ವರ್ಷ ನಾನು ಕೆಲಸ ಬಿಟ್ಟಿದ್ದೆ. ಸಂಬಳವಿಲ್ಲ, ನಾನು ಸೇರಿದ್ದ ಸಂಘಕ್ಕೆ ಶುಲ್ಕ ಕಟ್ಟಲಿಲ್ಲ, ಸದಸ್ಯತ್ವ ರದ್ದಾಯಿತು. ವಾಪಸ್ ಬಂದಾಗ "ಹೊಸದಾಗಿ ಅರ್ಜಿ ಹಾಕಿ ಮೇಡಂ" ಅಂದರು. ಎಂಟು ವರ್ಷದ ಹಿರಿತನ ಹೋಯಿತು. ಆದರೆ ಅದೇ ಸಂಘದ ಹಿರಿಯ ಇಂಜಿನಿಯರ್ ಒಬ್ಬರು ಆರು ವಾರ, ಪ್ರತಿ ಶನಿವಾರ, ಫೋನಿನಲ್ಲೇ ಹೊಸ ರಿಲೇಗಳ (ಲೈನ್‌ನಲ್ಲಿ ದೋಷ ಬಂದರೆ ಕರೆಂಟ್ ಕಡಿಸುವ ಸಾಧನ) ಸೆಟ್ಟಿಂಗ್ ಹೇಳಿಕೊಟ್ಟರು. ಅವರಿಂದಲೇ ನಾನು ಇಂಟರ್ವ್ಯೂ ದಾಟಿದೆ. ಒಬ್ಬರ ಒಳ್ಳೆಯತನದಿಂದ ಆದದ್ದು ಸಂಘದ ನಿಯಮವೇ ಆಗಬೇಕು ಅನ್ನುತ್ತೇನೆ. ಹೆರಿಗೆ, ಕಾಯಿಲೆ, ಕೆಲಸ ಹೋದದ್ದು, ಯಾವ ಕಾರಣಕ್ಕೆ ಬಿಡುವಾದರೂ ಶುಲ್ಕ ಮನ್ನಾ, ಹಿರಿತನ ಹಾಗೇ ಉಳಿಯಬೇಕು, ವಾಪಸ್ ಬರುವವರಿಗೆ ಜೊತೆಗೊಬ್ಬರು ಇರಬೇಕು. ಕೆಲಸ ಕಳೆದುಕೊಂಡ ಸದಸ್ಯರಿಗೆ ಐಇಇಇ ಅನ್ನುವ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಇಂಜಿನಿಯರ್‌ಗಳ ಅಂತಾರಾಷ್ಟ್ರೀಯ ಸಂಘ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತದೆ. ಆಗದ ಕೆಲಸವೇನಲ್ಲ.

ಕಳೆದ ತಿಂಗಳು ಕೆಲಸದ ಮೇಲೆ ಪಾವಗಡಕ್ಕೆ ಹೋಗಿದ್ದೆ. ಅಲ್ಲಿನ ಸೋಲಾರ್ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವಾಟ್. ಇನ್ವರ್ಟರ್ ನೋಡಿಕೊಳ್ಳುವ ಹುಡುಗರಲ್ಲಿ ಐಟಿಐ, ಡಿಪ್ಲೊಮಾದವರೇ ಜಾಸ್ತಿ ಸಿಕ್ಕರು. ಎಲ್ಲ ಕಾಂಟ್ರ್ಯಾಕ್ಟ್. ಎರರ್ ಕೋಡ್ ನೋಡಿದ ಕೂಡಲೇ ಎಲ್ಲಿ ಕೆಟ್ಟಿದೆ ಅಂತ ಒಬ್ಬ ಹುಡುಗ ಹೇಳಿದ. ನನಗೆ ಮ್ಯಾನುಯಲ್ ತೆಗೆಯಬೇಕಾಯಿತು. ಯಾವುದಾದರೂ ಸಂಘದಲ್ಲಿ ಇದ್ದೀಯಾ ಅಂತ ಕೇಳಿದೆ. ಯೂನಿಯನ್ನಾ ಮೇಡಂ ಅಂದ. ಅಪ್ಪನ ಕಥೆ ಹೇಳಿದೆ. ಮಧ್ಯದಲ್ಲೇ ಫೋನ್ ತೆಗೆದು ನೋಟ್ಸ್‌ನಲ್ಲಿ "ಎ.ಎಂ.ಐ.ಇ." ಅಂತ ಬರೆದುಕೊಂಡ. "ಫೀಸ್ ಎಷ್ಟು ಮೇಡಂ? ನಾನು ಈಗ ಸೇರಬಹುದಾ?"

ಅದಕ್ಕೆ ಈಗ ಆ ಬೆಲೆ ಇಲ್ಲಪ್ಪ ಅಂತ ಹೇಳಬೇಕಾಯಿತು.

ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಹುಟ್ಟಿದ ದಿನ, ಇಂಜಿನಿಯರ್‌ಗಳ ದಿನಾಚರಣೆ. ಒಂದು ಸಭೆಯಲ್ಲಿ ಹತ್ತು ನಿಮಿಷ ಮಾತಾಡಲು ನನ್ನನ್ನು ಕರೆದಿದ್ದಾರೆ. ಐದು ನಿಮಿಷ ಆ ಹುಡುಗನಿಗೆ ಕೊಡಿ ಅಂತ ಕೇಳಿದ್ದೇನೆ, ಒಪ್ಪಿದ್ದಾರೆ. ಅವತ್ತು ಅವನಿಗೆ ನೈಟ್ ಶಿಫ್ಟ್, ಸಂಜೆಯೊಳಗೆ ಹೊರಡಬೇಕು. ಅಪ್ಪ ಅಟ್ಟದ ಪುಸ್ತಕಗಳನ್ನು ಇಳಿಸಿ ಧೂಳು ಒರೆಸುತ್ತಿದ್ದಾರೆ, ಅವನಿಗೆ ಕೊಡಬೇಕಂತೆ.