ಚರ್ಚ್ ಉಳಿದರೆ ಸಾಲದು, ಕಾಂಪೌಂಡ್ ಗೋಡೆಯೂ ಉಳಿಯಬೇಕು

ಇಂಗ್ಲೆಂಡಿನ ಹಳೇ ಚರ್ಚುಗಳಿಗೆ ಹೋದವರು ಗೋಪುರ ನೋಡುತ್ತಾರೆ, ಬಣ್ಣದ ಗಾಜಿನ ಕಿಟಕಿ ನೋಡುತ್ತಾರೆ. ಸುತ್ತಲಿನ ಕಲ್ಲಿನ ಗೋಡೆ, ಸವೆದ ಮೆಟ್ಟಿಲು, ಗೇಟು ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಇವೇ ಜಾಸ್ತಿ ಇಷ್ಟ. ಊರಿನ ಜನರ ಬದುಕು ಸಾವು ಎರಡೂ ಹಾದು ಹೋದ ಜಾಗ ಇದು.

ವಿಟ್‌ಬಿಯ ಸೇಂಟ್ ಮೇರಿ ಚರ್ಚನ್ನೇ ನೋಡಿ. ಸಮುದ್ರದ ಪಕ್ಕದ ಗುಡ್ಡದ ಮೇಲಿದೆ. ಊರಿಂದ 199 ಮೆಟ್ಟಿಲು ಹತ್ತಬೇಕು. ನಡುನಡುವೆ ಸಮತಟ್ಟು ಜಾಗ, ಅಲ್ಲಿ ಬೆಂಚು. ಶವಪೆಟ್ಟಿಗೆ ಹೊತ್ತು ಬಂದವರು ಅಲ್ಲಿ ಇಳಿಸಿ, ಉಸಿರು ತೆಗೆದುಕೊಂಡು ಮುಂದೆ ಹತ್ತುತ್ತಿದ್ದರು. ಎಷ್ಟೋ ಹಳ್ಳಿಗಳಲ್ಲಿ ಗೇಟಿಗೇ ಒಂದು ಸೂರು ಇರುತ್ತದೆ, ಲಿಚ್‌ಗೇಟ್ ಅಂತ. ಪಾದ್ರಿ ಶವವನ್ನು ಎದುರುಗೊಂಡು ಪ್ರಾರ್ಥನೆ ಶುರು ಮಾಡುತ್ತಿದ್ದದ್ದು ಅಲ್ಲೇ. ಇಂಥದ್ದನ್ನು ಕಿತ್ತು ಕಬ್ಬಿಣದ ಗೇಟು ಹಾಕಿದರೆ ಆ ಕಥೆಯೇ ಹೋಯಿತು, ಅಲ್ವಾ?

ಕಾನೂನು ಚೆನ್ನಾಗಿಯೇ ಇದೆ. ಕೆಡವದಂತೆ ಕಾಪಾಡಬೇಕಾದ ಹಳೇ ಕಟ್ಟಡಗಳ ಸರ್ಕಾರಿ ಪಟ್ಟಿ ಒಂದಿದೆ; ಎಷ್ಟೋ ಗೋಡೆ, ಗೇಟುಗಳು ಪ್ರತ್ಯೇಕವಾಗಿ ಅದರ ಗ್ರೇಡ್ 2 ದರ್ಜೆಯಲ್ಲಿವೆ. ಪಟ್ಟಿಯಲ್ಲಿರುವ ಕಟ್ಟಡದ ಆವರಣದಲ್ಲಿ, ಅದಕ್ಕೆ ಸೇರಿದಂತೆ 1948ರ ಜುಲೈ 1ಕ್ಕಿಂತ ಮೊದಲೇ ಕಟ್ಟಿದ್ದಕ್ಕೂ ಸಾಮಾನ್ಯವಾಗಿ ರಕ್ಷಣೆ ಸಿಗುತ್ತದೆ.

ಆದರೆ ಬರೀ ಪಟ್ಟಿಯಿಂದ ಗೋಡೆ ನಿಲ್ಲುವುದಿಲ್ಲ. ಶತಮಾನಗಳ ಕಾಲ ಚರ್ಚಿನ ಅಂಗಳದಲ್ಲೇ ಶವ ಹೂಳಿದ್ದರಿಂದ ಎಷ್ಟೋ ಕಡೆ ಒಳಗಿನ ನೆಲ ರಸ್ತೆಗಿಂತ ಎತ್ತರ ಆಗಿದೆ. ಆ ಮಣ್ಣಿನ ಭಾರವೆಲ್ಲ ಗೋಡೆಯ ಮೇಲೆ. ಮಳೆ ನೀರು ಹೊರಗೆ ಹೋಗದಿದ್ದರೆ ಗೋಡೆ ಹೊಟ್ಟೆ ಬಿಡುತ್ತದೆ. ಆಗ ಯಾರೋ ಬಂದು ಸಂದಿಗೆ ಸಿಮೆಂಟ್ ಮೆತ್ತುತ್ತಾರೆ. ನೋಡಲು ಗಟ್ಟಿ. ಆದರೆ ಸುಣ್ಣದ ಗಾರೆಯ ಹಾಗೆ ಅದು ತೇವವನ್ನು ಹೊರಗೆ ಬಿಡುವುದಿಲ್ಲ. ನೀರು ಕಲ್ಲಿನೊಳಗೇ ನಿಂತು, ಚಳಿಗೆ ಹೆಪ್ಪುಗಟ್ಟಿ, ಮೆದು ಕಲ್ಲಿನ ಮುಖ ಹಪ್ಪಳದ ಹಾಗೆ ಎದ್ದು ಬರುತ್ತದೆ. ಸಿಮೆಂಟಿನ ಗೆರೆ ಮಾತ್ರ ಹಾಗೇ ಉಳಿದಿರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ದುಡ್ಡು ಯಾರು ಹಾಕಬೇಕು? ಹೂಳುವುದು ನಿಂತು, ಅಧಿಕೃತವಾಗಿ ಮುಚ್ಚಿದ ಸ್ಮಶಾನವಾದರೆ, 1972ರ ಸ್ಥಳೀಯ ಆಡಳಿತ ಕಾಯ್ದೆಯ ಪ್ರಕಾರ ಚರ್ಚು ಅದರ ನಿರ್ವಹಣೆಯನ್ನು ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ವಹಿಸಬಹುದು. ಗೋಡೆಯ ರಿಪೇರಿಯೂ ಅದರಲ್ಲೇ ಬರುತ್ತದೆ. ಸಣ್ಣ ಊರಿನ ಕೌನ್ಸಿಲ್‌ಗೆ ಇದು ದೊಡ್ಡ ಹೊರೆ, ನಿಜ. ಅದಕ್ಕೇ ನಾನು ಹೇಳುವುದು, ಗೋಡೆ ಬಿದ್ದ ಮೇಲೆ ದುಡ್ಡು ಹುಡುಕಬೇಡಿ. ವರ್ಷಕ್ಕೊಮ್ಮೆ ನೋಡಿ, ಗಿಡ ಕೀಳಿ, ನೀರಿನ ದಾರಿ ಬಿಡಿಸಿ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಯನ್ನೇ ಕರೆಸಿ.

ಅಲ್ಲಿ ನೆಲೆಸಿರುವ ಕನ್ನಡದ ಗೆಳೆಯರೇ, ನಿಮ್ಮೂರ ಚರ್ಚಿನ ಗೋಡೆ ಎಲ್ಲಾದರೂ ಉಬ್ಬಿದ್ದರೆ ಒಂದು ಫೋಟೊ ತೆಗೆದು ಚರ್ಚಿಗೂ ಕೌನ್ಸಿಲ್‌ಗೂ ಕಳಿಸಿ.