ಕರೆದರೆ ಓಗೊಡದ ಮಕ್ಕಳು

"ಡ್ರೋನ್ ಇದೆ, ಹೆಲಿಕಾಪ್ಟರ್ ಇದೆ, ಮಿಲಿಟರಿಯವರೂ ಬಂದ್ರು. ಆದ್ರೂ ನಾಲ್ಕು ವರ್ಷದ ಒಂದು ಮಗು ಸಿಗಲ್ಲ ಅಂದ್ರೆ ನಂಬೋ ಮಾತಾ?"

ಅಡಿಲೇಡಿನ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮೆಸೇಜ್ ಇದು. ಅದರ ಕೆಳಗೆ ಇಪ್ಪತ್ತು ಜನ ಇಪ್ಪತ್ತು ಥರ ಪತ್ತೇದಾರಿ ಮಾಡಿದ್ದರು. ನಾನು ಫೋನು ಮಗುಚಿ ಇಟ್ಟು ಪಾತ್ರೆ ತೊಳೆಯೋಕೆ ಹೋದೆ. ಆದರೆ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಅಲ್ಲಿ ಟೈಪ್ ಮಾಡುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಯಾವ ವಿಷಯ ಅಂತ ಇಲ್ಲಿನವರಿಗೆ ಗೊತ್ತು. ಊರಲ್ಲಿರುವವರಿಗಾಗಿ ಎರಡು ಮಾತು. 2025ರ ಸೆಪ್ಟೆಂಬರ್ 27, ಶನಿವಾರ. ಸೌತ್ ಆಸ್ಟ್ರೇಲಿಯಾದ ಯುಂಟಾ ಅನ್ನುವ ಪುಟ್ಟ ಊರಿಂದ ಸುಮಾರು 40 ಕಿಲೋಮೀಟರ್ ಒಳಗೆ, ಒಂದು ಕುರಿ ಸ್ಟೇಷನ್. ಸಂಜೆ ಐದರ ಹೊತ್ತಿಗೆ ಮಣ್ಣಿನ ಗುಡ್ಡೆ ಮೇಲೆ ಆಡುತ್ತಿದ್ದ ಹುಡುಗ ಅರ್ಧ ಗಂಟೆ ಬಿಟ್ಟು ಒಳಗೆ ಕರೆಯುವಾಗ ಇರಲಿಲ್ಲ ಅಂತ ಸುದ್ದಿಯಾಯಿತು. ಪೊಲೀಸರು, ಸ್ವಯಂಸೇವಕರು, ಸೈನಿಕರು, ಹೆಜ್ಜೆ ಜಾಡು ಓದುವ ಆದಿವಾಸಿ ಟ್ರ್ಯಾಕರ್ ಎಲ್ಲರೂ ಬಂದರು. ಒಂದು ಪುಟ್ಟ ಹೆಜ್ಜೆಗುರುತು ಸಿಕ್ಕಿತು ಅಂತ ದಿನಗಟ್ಟಲೆ ಸುದ್ದಿಯಾಯಿತು. ಅದರಿಂದ ಮುಂದಿನ ದಾರಿ ಸಿಗಲಿಲ್ಲ. ಅಲ್ಲಿ ನಿಜಕ್ಕೂ ಏನಾಯಿತು ಅನ್ನುವುದು ಪೊಲೀಸರ ಕೆಲಸ. ಆ ಬಗ್ಗೆ ನಾನು ಒಂದಕ್ಷರವೂ ಊಹೆ ಮಾಡಲ್ಲ, ಕಾಮೆಂಟಿನಲ್ಲಿ ನೀವೂ ಮಾಡಬೇಡಿ. ನನ್ನ ಕಣ್ಣು ಇರುವುದು ಆ ಮೆಸೇಜಿನ ಮೇಲೆ. ಇಷ್ಟೆಲ್ಲ ಇದ್ದೂ ಒಂದು ಮಗು ಸಿಗದೆ ಇರಬಹುದಾ?

ಇರಬಹುದು. ನಿಜ ಹೇಳಬೇಕೆಂದರೆ, ಸಿಗುವುದೇ ಆಶ್ಚರ್ಯ.

ಸ್ಟೇಷನ್ ಅಂದರೆ ರೈಲ್ವೆ ಸ್ಟೇಷನ್ ಅಲ್ಲ, ಕುರಿ ದನ ಸಾಕುವ ಜಮೀನು. ಆ ಸ್ಟೇಷನ್ 60,000 ಹೆಕ್ಟೇರ್ ಅಂತ ವರದಿಗಳಲ್ಲಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಲಕ್ಷ ಎಕರೆ. ಐದು ಪಾಲಿಕೆಗಳಾಗಿ ಒಡೆಯುವ ಮೊದಲಿದ್ದ ಬೆಂಗಳೂರು ಪಾಲಿಕೆಯ ವ್ಯಾಪ್ತಿಗಿಂತ ಸ್ವಲ್ಪ ಕಡಿಮೆ, ಅಷ್ಟೇ. ಅದರಲ್ಲಿ ಒಂದು ಮನೆ.

ಒಂದು ಸಲ ನಾವು ಕಾರಿನಲ್ಲಿ ಬ್ರೋಕನ್ ಹಿಲ್‌ಗೆ ಹೋಗಿದ್ದೆವು. ಯುಂಟಾ ಅದೇ ರಸ್ತೆಯಲ್ಲಿ ಸಿಗುತ್ತದೆ. ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಎಲ್ಲೋ ನಿಲ್ಲಿಸಿದೆವು. ಗಾಜಿನೊಳಗಿಂದ ನೋಡಿದರೆ ಆ ನೆಲ ಚಪಾತಿ ಮಣೆ ಥರ ಸಪಾಟು. ಇಲ್ಲಿ ಯಾರಾದರೂ ಹೇಗೆ ಕಳೆದುಹೋಗ್ತಾರೆ ಅನ್ನಿಸುತ್ತದೆ. ನನ್ನ ಐದು ವರ್ಷದ ಮಗ ಒಂದಕ್ಕೆ ಹೋಗಬೇಕು ಅಂದ. ಇಲ್ಲೇ ಪೊದೆ ಹಿಂದೆ ಹೋಗಿ ಬಾ ಅಂದೆ. ಹದಿನೈದು ಹೆಜ್ಜೆ ಇರಬಹುದು. ಬೂದು ಹಸಿರಿನ ಸಾಲ್ಟ್‌ಬುಷ್ ಪೊದೆಗಳು ನನ್ನ ಸೊಂಟದವರೆಗೆ ಇದ್ದವು. ಅಂದರೆ ಹೆಚ್ಚುಕಡಿಮೆ ಅವನ ತಲೆಯವರೆಗೆ. ಹಾಕಿದ್ದ ಟೋಪಿಯೂ ಮಣ್ಣಿನ ಬಣ್ಣದ್ದು. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತಲೆ ಎತ್ತಿದರೆ ಹುಡುಗ ಇಲ್ಲ. ಸಪಾಟು ಅಂದುಕೊಂಡಿದ್ದ ನೆಲದಲ್ಲಿ ಅಲ್ಲೊಂದು ಒಣಗಿದ ಹಳ್ಳ, ಇಲ್ಲೊಂದು ತಗ್ಗು. ಕೂಗಿದೆ. ಉತ್ತರ ಇಲ್ಲ. ಅವನು ಇದ್ದದ್ದು ಹಳ್ಳದೊಳಗೆ, ಇರುವೆ ಸಾಲು ನೋಡುತ್ತಾ ಕುಕ್ಕರಗಾಲಲ್ಲಿ. ಒಂದು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲಿ ನನ್ನ ಬಾಯಿ ಒಣಗಿತ್ತು.

"ಕರೆದದ್ದು ಕೇಳಿಸಲಿಲ್ವೇನೋ?"

"ಕೇಳಿಸ್ತು."

ಹಾಗಾದರೆ ಯಾಕೆ ಓಗೊಡಲಿಲ್ಲ ಅಂತ ಕೇಳಿದರೆ ಅವನ ಹತ್ತಿರ ಉತ್ತರವೇ ಇಲ್ಲ. ಅವನ ಪಾಲಿಗೆ ಅವನು ಕಳೆದುಹೋಗಿರಲಿಲ್ಲ. ಕಳೆದುಹೋಗಿದ್ದು ನಾನು ಮಾತ್ರ.

ಇದನ್ನು ನಾನು ಮೊದಲು ಕಂಡದ್ದು ಊರಲ್ಲಿ. ಕೊಪ್ಪದ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಅಡಿಕೆ ಸುಲಿಯುವ ಕಾಲ, ಮನೆ ತುಂಬ ಜನ. ಅಕ್ಕನ ಮಗಳು, ಮೂರೂವರೆ ವರ್ಷ, ಕಾಣಲಿಲ್ಲ. ನಮ್ಮ ಕಡೆ ಮಗು ಕಾಣದಿದ್ದರೆ ಎಲ್ಲರೂ ಮೊದಲು ಓಡುವುದು ಬಾವಿಗೆ. ಆಮೇಲೆ ಕೆರೆ. ದೊಡ್ಡಪ್ಪ ಬಾವಿಗೆ ಪಾತಾಳಗರಡಿ ಇಳಿಸುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣ ಮುಂದಿದೆ. ಹಗ್ಗ ಹಿಡಿದ ಕೈ ನಡುಗುತ್ತಿತ್ತು. ತೋಟದ ತುಂಬ ಜನ ಅವಳ ಹೆಸರು ಹಿಡಿದು ಕೂಗಿದರು. ಒಂದೂವರೆ ಗಂಟೆ ಆದ ಮೇಲೆ ಚಿಕ್ಕಮ್ಮ ಕೊಟ್ಟಿಗೆ ಹಿಂದಿನ ಹುಲ್ಲಿನ ಗೊಣಬೆಯ ಬುಡದಲ್ಲಿ, ದನ ಎಳೆದು ಎಳೆದು ಆದ ಗೂಡಿನಂಥ ಜಾಗದಲ್ಲಿ, ಅವಳನ್ನು ಕಂಡರು. ನಿದ್ದೆ ಮಾಡಿರಲಿಲ್ಲ. ಕಣ್ಣು ಬಿಟ್ಟುಕೊಂಡೇ ಕೂತಿದ್ದಳು.

"ಎಲ್ಲಾರೂ ಬೈತಾ ಇದ್ರು" ಅಂದಳು.

ಯಾರೂ ಬೈದಿರಲಿಲ್ಲ. ಆದರೆ ಮನೆಯಲ್ಲಿ ಅವಳು ಚಿನ್ನು. ಪೂರ್ತಿ ಹೆಸರು ಹಿಡಿದು ಕರೆಯುವುದು ಬೈಯುವಾಗ ಮಾತ್ರ. ಅವತ್ತು ಇಡೀ ಊರು ಅವಳ ಪೂರ್ತಿ ಹೆಸರನ್ನು ಗಟ್ಟಿಯಾಗಿ ಕೂಗುತ್ತಿತ್ತು. ಪಾಪ, ಏನು ತಪ್ಪು ಮಾಡಿದೆನೋ ಅಂತ ಇನ್ನೂ ಒಳಗೆ ಸರಿದಿದ್ದಾಳೆ.

ಹುಡುಕಾಟವನ್ನೇ ಕೆಲಸ ಮಾಡಿಕೊಂಡವರು ಹೇಳುವುದೂ ಇದನ್ನೇ. ದಾರಿ ತಪ್ಪಿದೆ ಅಂತ ದೊಡ್ಡವರಿಗೆ ಗೊತ್ತಾಗುತ್ತದೆ. ಎತ್ತರಕ್ಕೆ ಹತ್ತುತ್ತಾರೆ, ರಸ್ತೆ ಹುಡುಕುತ್ತಾರೆ, ಕೂಗುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ಕಳೆದುಹೋಗುವುದು ಅಂದರೇನು ಅಂತಲೇ ಗೊತ್ತಿರಲ್ಲ. ಕಣ್ಣಿಗೆ ಬಿದ್ದದ್ದರ ಹಿಂದೆ ಹೋಗುತ್ತಾರೆ. ಸುಸ್ತಾದರೆ ಸಂದಿ ಹುಡುಕಿ ನುಸುಳಿ ಮಲಗುತ್ತಾರೆ. ಪೊದೆಯ ಬುಡ, ಬಂಡೆಯ ಅಡಿ, ಟೊಳ್ಳು ಮರ. ಸ್ವಲ್ಪ ದೊಡ್ಡ ಮಕ್ಕಳಾದರೆ ಇನ್ನೊಂದು ತೊಂದರೆ. ಗುರುತಿಲ್ಲದವರ ಹತ್ತಿರ ಹೋಗಬಾರದು ಅಂತ ನಾವೇ ಹೇಳಿಕೊಟ್ಟಿರುತ್ತೇವೆ. ಕಿತ್ತಳೆ ಬಣ್ಣದ ಬಟ್ಟೆ ಹಾಕಿದ ಗುರುತಿಲ್ಲದ ಹತ್ತು ಜನ ಹೆಸರು ಕೂಗುತ್ತಾ ಬಂದರೆ ಅವು ಬಚ್ಚಿಟ್ಟುಕೊಳ್ಳುತ್ತವೆ.

1867ರಲ್ಲಿ ವಿಕ್ಟೋರಿಯಾದ ಡೇಲ್ಸ್‌ಫರ್ಡ್‌ನಲ್ಲಿ ಮೂವರು ಪುಟ್ಟ ಹುಡುಗರು ಆಡಲು ಹೋದವರು ಬರಲಿಲ್ಲ. ನೂರಾರು ಜನ ಹುಡುಕಿದರು. ಎರಡು ತಿಂಗಳು ದಾಟಿದ ಮೇಲೆ ಒಂದು ನಾಯಿಯಿಂದ ಗೊತ್ತಾಯಿತು. ಮಕ್ಕಳು ಒಂದು ಟೊಳ್ಳು ಮರದೊಳಗೆ ಹೊಕ್ಕಿದ್ದರು. ಚಳಿಗಾಲ. ಇದರ ಬಗ್ಗೆ ಇನ್ನು ಜಾಸ್ತಿ ಬರೆಯೋಕೆ ನನಗಾಗಲ್ಲ.

ಬದುಕಿ ಸಿಕ್ಕ ಮಗುವಿನದು ಹೇಳ್ತೀನಿ. 2021ರ ಸೆಪ್ಟೆಂಬರ್, ನ್ಯೂ ಸೌತ್ ವೇಲ್ಸ್‌ನ ಪಟ್ಟಿ ಅನ್ನುವ ಜಾಗ. ಊರಿನ ಹೆಸರೇ ಪಟ್ಟಿ, ನಗಬೇಡಿ. ಕಾಡು, ಕೊರಕಲು. ಆಟಿಸಂ ಇರುವ, ಮಾತು ಬಾರದ ಮೂರು ವರ್ಷದ ಹುಡುಗ ಶುಕ್ರವಾರ ಮನೆಯಿಂದ ಕಾಣೆಯಾದ. ಮೂರು ರಾತ್ರಿ ಕಳೆಯಿತು. ಸೋಮವಾರ ಹೆಲಿಕಾಪ್ಟರಿನವರು ನೋಡುತ್ತಾರೆ, ಹಳ್ಳದ ತೆಳು ನೀರಿನಲ್ಲಿ ಕೂತು ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿದ್ದಾನೆ. ಮನೆಯಿಂದ ಅರ್ಧ ಕಿಲೋಮೀಟರೂ ಇರಲಿಲ್ಲ. ನೂರಾರು ಜನ ಸುತ್ತಮುತ್ತ ಓಡಾಡಿದ್ದರು. ಈಗ ಹೇಳಿ, ನಂಬೋ ಮಾತಾ?

ಡ್ರೋನ್ ಕ್ಯಾಮೆರಾ ಬಗ್ಗೆ ನಮಗೆ ಸಿನಿಮಾ ನೋಡಿ ಬಂದ ನಂಬಿಕೆ ಜಾಸ್ತಿ. ಶಾಖ ನೋಡುವ ಕ್ಯಾಮೆರಾ ಮೈಯ ಬಿಸಿ ಹಿಡಿಯುತ್ತದೆ, ನಿಜ. ಆದರೆ ಬಿಸಿಲೇರಿದ ಮೇಲೆ ಅಲ್ಲಿನ ಕಲ್ಲು, ಮಣ್ಣು ಎಲ್ಲವೂ ಮೈಯಷ್ಟೇ ಬಿಸಿ. ಬೆಳಗಿನ ಜಾವ ಚೆನ್ನಾಗಿ ಕಾಣುತ್ತದೆ, ಆಗ ಕುರಿ ಕಾಂಗರೂಗಳೂ ಅಷ್ಟೇ ಚೆನ್ನಾಗಿ ಕಾಣುತ್ತವೆ. ದಟ್ಟ ಪೊದೆಯ ಕೆಳಗೆ ಮುದುಡಿ ಮಲಗಿದ ಮಗು ಮಾತ್ರ ಕಾಣದೆ ಹೋಗಬಹುದು. ಕೊನೆಗೆ ಕಾಲ್ನಡಿಗೆಯೇ ಗತಿ. ಸಾಲಾಗಿ ನಿಂತು, ಪ್ರತಿ ಪೊದೆಯನ್ನೂ ಬಗ್ಗಿ ನೋಡುತ್ತಾ ಹೋಗಬೇಕು. ಆಗಾಗ ತಿರುಗಿ ಹಿಂದೆ ನೋಡಬೇಕು ಅಂತ ಅವರಿಗೆ ಹೇಳಿಕೊಡುತ್ತಾರೆ. ಮುಂದಿನಿಂದ ಬರುವಾಗ ಕಾಣದ್ದು ಹಿಂದಿನಿಂದ ಕಾಣುತ್ತದೆ. ಹುಡುಕುವವರಲ್ಲಿ ಬಹಳಷ್ಟು ಜನ ಸ್ಟೇಟ್ ಎಮರ್ಜೆನ್ಸಿ ಸರ್ವೀಸಿನ ಸ್ವಯಂಸೇವಕರು. ಸಂಬಳ ಇಲ್ಲ.

ಮೊದಲ ದಿನ ಜನ ಸುಮ್ನೆ ನುಗ್ಗಿದರೆ ಇದ್ದ ಒಂದು ಸಾಕ್ಷಿಯೂ ಹೋಗುತ್ತದೆ, ಅಂದರೆ ನೆಲ. ಆ ನೆಲ ಓದುವವರ ಕಥೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ.

1864ರ ಆಗಸ್ಟ್. ವಿಕ್ಟೋರಿಯಾದ ವಿಮ್ಮೆರಾ ಸೀಮೆಯಲ್ಲಿ ಒಂಬತ್ತು, ಏಳು, ಮೂರು ವರ್ಷದ ಮೂವರು ಮಕ್ಕಳು ಪೊರಕೆ ಮಾಡುವ ಗಿಡ ತರಲು ಹೋಗಿ ದಾರಿ ತಪ್ಪಿದರು. ಬಿಳಿಯರು ದಿನಗಟ್ಟಲೆ ಹುಡುಕಿದರು. ಮಳೆ ಬಂದು ಜಾಡು ಅಳಿಯಿತು. ಆಗ ಮೂವರು ಆದಿವಾಸಿ ಟ್ರ್ಯಾಕರ್‌ಗಳನ್ನು ಕರೆಸಿದರು. ಅವರು ಹುಡುಕಿದ್ದು ಹೆಜ್ಜೆಗುರುತು ಒಂದನ್ನೇ ಅಲ್ಲ. ಬಾಗಿದ ಹುಲ್ಲು, ಮುರಿದ ಕಡ್ಡಿ, ಮಗುಚಿ ಬಿದ್ದ ಕಲ್ಲು. ಎಲ್ಲಿ ಚಿಕ್ಕವನು ಸುಸ್ತಾಗಿ ಕೂತ, ಎಲ್ಲಿಂದ ದೊಡ್ಡವರು ಎತ್ತಿಕೊಂಡರು ಅನ್ನುವುದನ್ನೂ ನೆಲ ನೋಡಿ ಹೇಳಿದರಂತೆ. ಒಂಬತ್ತನೆಯ ದಿನ ಮೂವರೂ ಜೀವಂತ ಸಿಕ್ಕರು. ಏಳು ವರ್ಷದ ಹುಡುಗಿ ತನ್ನ ಫ್ರಾಕ್ ಬಿಚ್ಚಿ ತಮ್ಮನಿಗೆ ಹೊದಿಸಿದ್ದಳು. ಮುಂದೆ ಇಲ್ಲಿನ ಶಾಲೆಯ ಪಾಠಪುಸ್ತಕದಲ್ಲಿ ಬಂದದ್ದು ಆ ಹುಡುಗಿಯ ಕಥೆ.

ಹುಡುಕಿದವರ ಕಥೆ? ಅವರಲ್ಲಿ ಒಬ್ಬನನ್ನು ಬಿಳಿಯರು ಕರೆಯುತ್ತಿದ್ದದ್ದು ಡಿಕ್-ಎ-ಡಿಕ್ ಅಂತ. ಸ್ವಂತ ಹೆಸರು ಜುಂಗುಂಜಿನಾನುಕೆ. ನಾಲ್ಕು ವರ್ಷದ ನಂತರ, 1868ರಲ್ಲಿ, ಇಂಗ್ಲೆಂಡಿಗೆ ಹೋದ ಮೊದಲ ಆಸ್ಟ್ರೇಲಿಯನ್ ಕ್ರಿಕೆಟ್ ತಂಡದಲ್ಲಿ ಅವನಿದ್ದ. ಆಟಗಾರರೆಲ್ಲ ಆದಿವಾಸಿಗಳೇ, ಕ್ಯಾಪ್ಟನ್ ಮಾತ್ರ ಇಂಗ್ಲಿಷಿನವನು. 47 ಮ್ಯಾಚ್ ಆಡಿ 14 ಗೆದ್ದರು, 14 ಸೋತರು, ಉಳಿದದ್ದು ಡ್ರಾ. ಆಟ ಮುಗಿದ ಮೇಲೆ ಇವನು ಮೈದಾನದಲ್ಲಿ ನಿಲ್ಲುತ್ತಿದ್ದ. ಜನ ಹತ್ತಿರದಿಂದ ಬೀಸಿ ಎಸೆದ ಚೆಂಡುಗಳನ್ನು ಕಿರಿದಾದ ಗುರಾಣಿ, ದೊಣ್ಣೆ ಹಿಡಿದು ತಡೆಯುತ್ತಿದ್ದ. ಯಾರ ನೆಲ ಕಿತ್ತುಕೊಂಡರೋ ಅವರನ್ನೇ ಆ ನೆಲ ಓದೋಕೆ ಕರೆದರು. ಆಮೇಲೆ ಚೆಂಡು ಎಸೆದು ತಮಾಷೆ ನೋಡಿದರು. ಕ್ರಿಕೆಟ್ ಅಂದರೆ ಪ್ರಾಣ ಬಿಡುವ ನಮ್ಮವರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು?

ನಾಯಿಯದೂ ಒಂದಿದೆ. 2018ರಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಮೂರು ವರ್ಷದ ಹುಡುಗಿ ಮನೆ ಬಿಟ್ಟು ಗುಡ್ಡದ ಕಡೆ ಹೋದಳು. ಜೊತೆಗೆ ಹೋದದ್ದು ಮನೆಯ ನಾಯಿ ಮ್ಯಾಕ್ಸ್. ವಯಸ್ಸು 17, ಕಿವಿ ಕೇಳಲ್ಲ, ಕಣ್ಣೂ ಅಷ್ಟಕ್ಕಷ್ಟೇ. ರಾತ್ರಿಯಿಡೀ ಮಳೆಯಲ್ಲಿ ಅವಳ ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಹುಡುಕುತ್ತಾ ಬಂದ ಮನೆಯವರನ್ನು ಅವಳ ಹತ್ತಿರ ಕರೆದುಕೊಂಡು ಹೋಗಿದ್ದೂ ಅದೇ. ಮನೆಯಿಂದ ಸುಮಾರು ಎರಡು ಕಿಲೋಮೀಟರ್. ಪೊಲೀಸರು ಅದಕ್ಕೆ ಗೌರವ ಪೊಲೀಸ್ ನಾಯಿ ಅನ್ನುವ ಬಿರುದು ಕೊಟ್ಟರು. ಬಿಸ್ಕೆಟ್ಟೂ ಕೊಟ್ಟಿರಬೇಕು ಅಂದುಕೊಂಡಿದ್ದೇನೆ.

ನನಗೆ ಸಿಟ್ಟು ಬರುವುದು ಎಲ್ಲಿ ಅಂದರೆ, ಅಲ್ಲಿ ಜನ ಮುಳ್ಳುಪೊದೆ ಸರಿಸುತ್ತಾ ನಡೆಯುವಾಗ ಇಲ್ಲಿ ನಾವು ಸೋಫಾ ಮೇಲೆ ಕೂತು ಅಪರಾಧಿ ಹುಡುಕುತ್ತೇವಲ್ಲ, ಅಲ್ಲಿ. ಯುಂಟಾ ವಿಷಯದಲ್ಲಿ ಎಐನಿಂದ ಮಾಡಿದ ಸುಳ್ಳು ಫೋಟೋಗಳೂ ಓಡಾಡಿದವು. ನಮ್ಮ ಗ್ರೂಪಿಗೇ ಒಂದು ಬಂದಿತ್ತು, ಕೆಳಗೆ ಕೈ ಮುಗಿಯುವ ಇಮೋಜಿಗಳ ಸಾಲು. ತನಿಖೆಯಲ್ಲಿ ಕೊನೆಗೆ ಏನೇ ಹೊರಗೆ ಬರಲಿ, ಮೊದಲ ದಿನದ ನಮ್ಮ ಊಹೆ ಆಗ ಊಹೆಯೇ ಆಗಿತ್ತು. "ನಾನು ಹೇಳಿರಲಿಲ್ವಾ" ಅನ್ನುವ ಹಕ್ಕು ಅದರಿಂದ ಬರಲ್ಲ.

ಇನ್ನೊಂದು ಕಡೆ, ಹುಡುಕಾಟ ನಿಲ್ಲಿಸುವವರನ್ನೂ ನಾವು ಬೈಯುತ್ತೇವೆ. ಇಷ್ಟು ದಿನ ನೀರಿಲ್ಲದೆ, ಇಷ್ಟು ಚಳಿಯಲ್ಲಿ, ಇಷ್ಟು ಚಿಕ್ಕ ಮೈ ತಡೆಯುತ್ತದಾ ಅಂತ ಡಾಕ್ಟರುಗಳನ್ನು ಕೇಳಿ ಲೆಕ್ಕ ಹಾಕುವ ಒಬ್ಬ ಅಧಿಕಾರಿ ಇರುತ್ತಾನೆ. ಆ ಲೆಕ್ಕವನ್ನು ಮನೆಯವರ ಎದುರು ಕೂತು ಹೇಳಬೇಕು. ಆ ಕೆಲಸ ನನಗೆ ಕೊಟ್ಟರೆ ನಾನು ಅವತ್ತೇ ರಾಜೀನಾಮೆ ಕೊಡ್ತೀನಿ.

ಬ್ರೋಕನ್ ಹಿಲ್‌ನಿಂದ ಬಂದ ಮೇಲೆ ನಾನು ಮನೆಯಲ್ಲಿ ಒಂದು ಕೆಲಸ ಮಾಡಿದೆ. ಅಮೆರಿಕದಲ್ಲಿ 1981ರಲ್ಲಿ ಸ್ಯಾನ್ ಡಿಯೇಗೋ ಕಡೆಯ ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗ ಕಳೆದುಹೋಗಿ ತೀರಿಕೊಂಡ ಮೇಲೆ ಮಕ್ಕಳಿಗಾಗಿ ಒಂದು ಪಾಠ ಶುರುವಾಯಿತು. ದಾರಿ ತಪ್ಪಿದರೆ ಒಂದು ಮರ ತಬ್ಬಿಕೊಂಡು ಅಲ್ಲೇ ಇರು ಅನ್ನುವುದು ಅದರ ಸಾರ. ಅದರಲ್ಲಿ ಅಪ್ಪ ಅಮ್ಮನಿಗೂ ಒಂದು ಮಾತಿದೆ. ಟವೆಲ್ ಮೇಲೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಮಗುವಿಗೆ ಶೂ ಹಾಕಿಸಿ ಅದರ ಮೇಲೆ ನಿಲ್ಲಿಸಿ. ಅಡಿಯ ಗುರುತು ಬೀಳುತ್ತದೆ. ನೂರು ಹೆಜ್ಜೆಗಳ ನಡುವೆ ಇವನದ್ದು ಯಾವುದು ಅಂತ ಹುಡುಕುವವರಿಗೆ ತೋರಿಸಬಹುದು. ಚಪಾತಿ ಸುತ್ತುವ ಫಾಯಿಲ್ಲೇ ಸಾಕು. ಮಗ ಎರಡು ಸಲ ಜಾಸ್ತಿ ಹಾರಿ ಹರಿದ. ಮೂರನೆಯದು ಸರಿಯಾಗಿ ಬಂತು, ಹಿಮ್ಮಡಿ ಹತ್ತಿರ ಸವೆದ ಒಂದು ಮೂಲೆ ಕೂಡ. ಈಗ ಕಾರಿನ ಡ್ಯಾಶ್‌ಬೋರ್ಡ್ ಒಳಗಿದೆ. ನಮ್ಮನೆಯವರು ನಕ್ಕರು. ಆದರೆ ತೆಗೆದು ಹಾಕಿಲ್ಲ. ಮಗನಿಗೆ ಹೇಳಿಕೊಟ್ಟದ್ದು ಇಷ್ಟೇ: ನಿಂತಲ್ಲೇ ನಿಲ್ಲು, ಯಾರು ಕರೆದರೂ ಕೂಗು, ಕಿತ್ತಳೆ ಬಟ್ಟೆಯವರು ನಮ್ಮವರು.

ಅವತ್ತಿನದೇ ಇನ್ನೊಂದು ಮರೆತಿದ್ದೆ. ಹಳ್ಳದಿಂದ ಅವನನ್ನು ಎಳೆದುಕೊಂಡು ಬರುವಾಗ ಕೆಂಪು ಮಣ್ಣಿನಲ್ಲಿ ಎಮು ಹಕ್ಕಿಯ ಹೆಜ್ಜೆ ಕಂಡಿತು. ದೊಡ್ಡದು, ಮೂರು ಬೆರಳು, ಥೇಟ್ ಬಾಣದ ಗುರುತು. "ಅಮ್ಮಾ, ಈ ಕಡೆ ಹೋಗಿದೆ" ಅಂತ ಅವನು ಬಾಣ ತೋರಿಸಿದ ಕಡೆ ಹೊರಟ. ನಾನೂ ಹಿಂದೆಯೇ. ಒಂದಿಪ್ಪತ್ತು ಹೆಜ್ಜೆ ಹೋಗಿದ್ದೆವೇನೋ. ಪಕ್ಕದಲ್ಲಿ ಟ್ರಕ್ ನಿಲ್ಲಿಸಿಕೊಂಡು ಚಹಾ ಕುಡಿಯುತ್ತಿದ್ದ ಮುದುಕ ನಗಾಡಿದ. ಬೆರಳು ಹರಡಿರುವ ಕಡೆ ಹಕ್ಕಿಯ ಮುಂದು ಅಂದ. ಬಾಣದ ಮೊನೆ ಇರುವುದು ಹಿಮ್ಮಡಿ ಕಡೆ. ನಾವಿಬ್ಬರೂ ಅದು ಬಂದ ದಾರಿ ಹಿಡಿದು ಹೋಗುತ್ತಿದ್ದೆವು.